ಪೂರ್ವದ ರೋಮಿಗೆ ಮೂರು ದಿನ



ಕ್ರಿಸ್ತಜಯಂತಿಯ ನಕ್ಷತ್ರದ ಬುಟ್ಟಿಗಳು ಇನ್ನೂ ನಮ್ಮ ಮನೆಗಳ ಮುಂದೆ ತೂಗುತ್ತಿರುವಾಗಲೇ ಧರ್ಮಸಭೆ ನಮ್ಮನ್ನು ಪವಿತ್ರ ಕುಟುಂಬದ ಹಬ್ಬಕ್ಕೆ ಕರೆಯುತ್ತದೆ. 1921ರಲ್ಲಿ ಜಗದ್ಗುರು 15ನೆಯ ಬೆನೆಡಿಕ್ಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಈ ಹಬ್ಬದಲ್ಲಿ ನಾವು ಧ್ಯಾನಿಸುವ ಪಾಠಗಳಲ್ಲಿ ಒಂದು, ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಒಂದು ಪ್ರಯಾಣದ ಕಥೆ. ನಜರೇತಿನ ಒಂದು ಬಡ ಕುಟುಂಬ ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿ ಬರುತ್ತಿತ್ತು. ಮಗನಿಗೆ ಹನ್ನೆರಡು ವರ್ಷವಾದಾಗ ಅವನನ್ನೂ ಕರೆದುಕೊಂಡು ಹೋದರು. ಸುಮಾರು 120 ಕಿಲೋಮೀಟರ್ ದಾರಿ. ಮೂರು ನಾಲ್ಕು ದಿನಗಳ ಕಾಲ್ನಡಿಗೆ. ಹಬ್ಬ ಮುಗಿಸಿ ಹಿಂದಿರುಗುವಾಗ ಮಗ ಜೊತೆಯವರ ಗುಂಪಿನಲ್ಲಿ ಇರಬಹುದೆಂದುಕೊಂಡು ಒಂದು ದಿನದ ದಾರಿ ನಡೆದೇಬಿಟ್ಟರು. ಸಂಜೆ ನೋಡಿದರೆ ಮಗ ಇಲ್ಲ!

ಮರಿಯಮ್ಮನವರೂ ಜೋಸೆಫರೂ ಅಜಾಗರೂಕ ತಂದೆತಾಯಿಗಳಲ್ಲ. ಆದರೂ ಗುಂಪಿನ ಗದ್ದಲದಲ್ಲಿ, ಊರು ಸೇರುವ ಆತುರದಲ್ಲಿ, ಯಾರಿಗಾಗಿ ಪ್ರಯಾಣ ಹೊರಟಿದ್ದರೋ ಅವನೇ ಹಿಂದೆ ಉಳಿದುಬಿಟ್ಟ. ಈ ವಾಕ್ಯವನ್ನು ಓದುವಾಗಲೆಲ್ಲ ನಮಗೆ ನಮ್ಮದೇ ಒಂದು ಪ್ರಯಾಣ ನೆನಪಾಗುತ್ತದೆ. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಈ ಲೇಖನ ಏಕೆ ಎಂಬುದನ್ನು ತಿಳಿಸೋಣ.

ಒಂದು ಪ್ರಶ್ನೆ

2024ರ ಡಿಸೆಂಬರ್ 24ರಂದು ರೋಮಿನಲ್ಲಿ ಪವಿತ್ರ ದ್ವಾರ ತೆರೆದು ಆರಂಭವಾದ ಜುಬಿಲಿ ವರ್ಷ 2026ರ ಜನವರಿ 6ರಂದು ಮುಕ್ತಾಯವಾಯಿತು. ಆ ಅವಧಿಯಲ್ಲಿ ಬೆಂಗಳೂರಿನ ಬಂಧುಗಳು ಕಳುಹಿಸಿದ ಸಂತ ಪೇತ್ರರ ಮಹಾದೇವಾಲಯದ ಫೋಟೊಗಳು ನಮ್ಮ ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಿಗೂ ಮೊಬೈಲಿನಲ್ಲಿ ಬಂದವು. ಅವುಗಳನ್ನು ನೋಡಿ ಹಲವರು ನಮ್ಮನ್ನು ಕೇಳಿದರು: "ಸ್ವಾಮಿ, ಅಂಥ ಊರು ನೋಡುವ ಭಾಗ್ಯ ನಮಗುಂಟೇ?" ಪಾಸ್‌ಪೋರ್ಟು, ಷೆಂಗೆನ್ ವೀಸಾ, ವಿಮಾನದ ಟಿಕೇಟು, ಇವೆಲ್ಲ ನಾಲ್ಕು ಎಕರೆ ತೆಂಗಿನ ತೋಟದ ಕುಟುಂಬಕ್ಕೆ ಸುಲಭವಲ್ಲ. ಆದರೆ ನಮ್ಮ ಅರಸೀಕೆರೆಯಲ್ಲಿ ಸಂಜೆ ರೈಲು ಹತ್ತಿದರೆ ಮರುದಿನ ಬೆಳಗಾಗುವಷ್ಟರಲ್ಲಿ ತಲುಪಬಹುದಾದ ಒಂದು ಊರಿದೆ. ಅದನ್ನು ಯುರೋಪಿನವರೇ ಪೂರ್ವದ ರೋಮ್ ಎಂದು ಕರೆದರು. ಅದೇ ಹಳೆಯ ಗೋವೆ. ಅಲ್ಲಿಗೆ ಕುಟುಂಬ ಸಮೇತ ಮೂರು ದಿನ ಹೋಗಿ ಬರುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಮ್ಮ ತಪ್ಪು

ಗುರುದೀಕ್ಷೆಯಾದ ಹೊಸತರಲ್ಲಿ ನಾವು ಈ ಸೀಮೆಯಲ್ಲೇ ಸಹಾಯಕ ಗುರುಗಳಾಗಿದ್ದೆವು. ಉತ್ಸಾಹಕ್ಕೆ ಕೊರತೆ ಇರಲಿಲ್ಲ. ಒಂದು ಬಸ್ಸು ಗೊತ್ತು ಮಾಡಿ ನಲವತ್ತೆರಡು ಜನರನ್ನು ಗೋವೆಗೆ ಕರೆದುಕೊಂಡು ಹೊರಟೆವು. ಎರಡು ದಿನ, ಒಂಬತ್ತು ಸ್ಥಳ. ಮೂರು ಕಡಲತೀರ, ಎರಡು ಕೋಟೆ, ಒಂದು ದೋಣಿ ವಿಹಾರ ಎಲ್ಲವೂ ಪಟ್ಟಿಯಲ್ಲಿದ್ದವು. ಸಂತ ಫ್ರಾನ್ಸಿಸ್ ಜೇವಿಯರರ ಸಮಾಧಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ.

ಆ ಗುಂಪಿನಲ್ಲಿ ಹೊನ್ನವಳ್ಳಿ ಕಡೆಯ ಒಬ್ಬ ಅಜ್ಜಿ ಇದ್ದರು. ನಮ್ಮ ಹಿರಿಯರ ಬಾಯಲ್ಲಿ ಜೇವಿಯರ್ ಎಂಬ ಹೆಸರು ಸವರಿಯಪ್ಪ, ಚೌರಪ್ಪ ಎಂದಾದದ್ದು ನಿಮಗೆ ಗೊತ್ತೇ ಇದೆ. ಆ ಅಜ್ಜಿಯ ತೋಟದ ಮೂಲೆಯಲ್ಲಿ 'ಚೌರಪ್ಪನ ಮರ' ಎಂದೇ ಒಂದು ತೆಂಗಿನ ಮರವಿತ್ತು. ಮಗ ಹುಟ್ಟಿದ ವರ್ಷ ಹರಕೆ ಹೊತ್ತು ಬಿಟ್ಟ ಮರ. ಅದರ ಕಾಯಿಯ ಹಣವನ್ನು ಅವರು ಮನೆ ಖರ್ಚಿಗೆ ಮುಟ್ಟುತ್ತಿರಲಿಲ್ಲ; ಎಂದಾದರೊಂದು ದಿನ ಗೋವೆಗೆ ಹೋಗಿ ಸಂತರ ಸನ್ನಿಧಿಯಲ್ಲಿ ಕಾಣಿಕೆ ಒಪ್ಪಿಸಬೇಕೆಂದು ಕೂಡಿಡುತ್ತಿದ್ದರು. ನಾವು ಬಸ್ಸು ಮಾಡಿದ ವರ್ಷ ಆ ದಿನ ಬಂತೆಂದು ಅವರು ತಿಳಿದರು.

ಅಂದು ಬೊಂ ಜೇಸು ಮಹಾದೇವಾಲಯದ ಮುಂದೆ ದೊಡ್ಡ ಸಾಲಿತ್ತು. ಅಜ್ಜಿಯ ಮಂಡಿ ನೋವು, ಬಿಸಿಲು, ಸಾಲು. ಅವರು ಬಾಗಿಲಿನ ಹತ್ತಿರ ಬರುವ ವೇಳೆಗೆ ನಮ್ಮ ಬಸ್ಸು ಎರಡು ಸಲ ಹಾರನ್ ಮಾಡಿತು. ದೋಣಿ ವಿಹಾರದ ಟಿಕೇಟು ಮೊದಲೇ ಕೊಂಡಾಗಿತ್ತು. ತಡವಾದರೆ ಹಣ ಹೋಗುತ್ತದೆಂದು ನಾವೇ ಹೋಗಿ, ಅವರ ಕೈಹಿಡಿದು, ಸಾಲಿನಿಂದ ಈಚೆಗೆ ಕರೆತಂದೆವು. "ಪರವಾಗಿಲ್ಲ ಸ್ವಾಮಿ, ಬಾಗಿಲು ಕಂಡೆನಲ್ಲ" ಎಂದರು. ಮತ್ತೆ ಅವರು ಗೋವೆಗೆ ಹೋಗಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ದೇವರ ಪಾದ ಸೇರಿದರು. ಆ ಕಾಣಿಕೆಯ ಗಂಟು ಅವರ ಪೆಟ್ಟಿಗೆಯಲ್ಲೇ ಉಳಿದಿತ್ತು.

ಮರಿಯಮ್ಮನವರು ಮತ್ತು ಜೋಸೆಫರು ಒಂದು ದಿನದ ದಾರಿ ನಡೆದ ಮೇಲೆ ಹಿಂದಿರುಗಿ ಹುಡುಕಿದರು. ಮೂರನೆಯ ದಿನ ಮಗ ಸಿಕ್ಕಿದ. ನಾವು ಹಿಂದಿರುಗಿ ನೋಡಲಿಲ್ಲ. ಆದ್ದರಿಂದ ಪ್ರಯಾಣದ ಸಿದ್ಧತೆ ಎಂಬುದನ್ನು ನಾವು ಬರೀ ಲೌಕಿಕ ವಿಷಯವೆಂದು ಈಗ ತಿಳಿಯುವುದಿಲ್ಲ. ಅದು ಪ್ರೀತಿಯ ಒಂದು ರೂಪ. ಜೊತೆಗೆ ಬರುವವರಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರು, ಅವರ ಮನಸ್ಸಿನಲ್ಲಿ ಏನಿದೆ ಎಂದು ಮೊದಲು ಕೇಳುವುದೇ ಸಿದ್ಧತೆಯ ಆರಂಭ.

ಆ ಊರು ಎಂಥದ್ದು?

ಹೋಗುವ ಮೊದಲು ಆ ಊರಿನ ಕಥೆ ತಿಳಿದಿರಬೇಕು. ತಿಳಿಯದೆ ಹೋದರೆ ಕಾಣುವುದು ಕಲ್ಲು ಮತ್ತು ಸುಣ್ಣ ಮಾತ್ರ.

ಗೋವೆ ನಮ್ಮ ಕನ್ನಡ ನಾಡಿಗೆ ಹೊರಗಿನದಲ್ಲ. ಕದಂಬರ ಒಂದು ಶಾಖೆ ಅಲ್ಲಿ ಆಳಿತು. ಇಂದಿಗೂ ಗೋವೆಯ ಸರ್ಕಾರಿ ಬಸ್ಸಿನ ಮೇಲೆ 'ಕದಂಬ' ಎಂದೇ ಬರೆದಿರುತ್ತದೆ. ಮುಂದೆ ಅದು ವಿಜಯನಗರದ ಅರಸರ, ಬಹಮನಿಗಳ, ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. 1510ರ ನವೆಂಬರ್ 25ರಂದು ಪೋರ್ತುಗೀಸ್ ಸೇನಾನಿ ಅಫೊನ್ಸೊ ದ ಅಲ್ಬುಕರ್ಕ್ ಅದನ್ನು ಗೆದ್ದನು. ಆ ದಾಳಿಗೆ ಅವನನ್ನು ಹುರಿದುಂಬಿಸಿದವನು ನಮ್ಮ ಹೊನ್ನಾವರದ ನಾವಿಕ ನಾಯಕ ತಿಮೋಜ. ಅಂದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬ. ಅದಕ್ಕೇ ಅಲ್ಲಿಯ ಪ್ರಧಾನಾಲಯ ಆಕೆಯ ಹೆಸರಿನಲ್ಲಿದೆ.

ಮುಂದಿನ ನೂರು ವರ್ಷಗಳಲ್ಲಿ ಮಾಂಡೋವಿ ನದಿಯ ದಡದಲ್ಲಿ ಒಂದು ಯುರೋಪಿನ ನಗರವೇ ಎದ್ದು ನಿಂತಿತು. ಗೋವೆಯನ್ನು ಕಂಡವರು ಲಿಸ್ಬನ್ ಕಾಣಬೇಕಾಗಿಲ್ಲ ಎಂಬ ಗಾದೆ ಹುಟ್ಟುವಷ್ಟು ವೈಭವ ಅದಕ್ಕಿತ್ತು. ಆದರೆ ಕೊಳಕು ನೀರು, ಚಳಿಜ್ವರ, ಕಾಲರಾಗಳಿಂದ ಜನ ಸಾಯುತ್ತಾ, ಬಿಟ್ಟು ಹೋಗುತ್ತಾ ನಗರ ಖಾಲಿಯಾಯಿತು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಮನೆ, ಅರಮನೆ, ಅಂಗಡಿಬೀದಿ ಎಲ್ಲವೂ ಹೋಗಿ ತೆಂಗಿನ ತೋಟದ ನಡುವೆ ದೇವಾಲಯಗಳು ಮಾತ್ರ ಉಳಿದವು. 1986ರಲ್ಲಿ ಯುನೆಸ್ಕೊ ಸಂಸ್ಥೆ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಜಗದ್ಗುರು ಸಂತ ಎರಡನೆಯ ಜಾನ್ ಪೌಲರು ಅಲ್ಲಿಗೆ ಭೇಟಿಕೊಟ್ಟರು.

ಯಾವಾಗ ಹೋಗಬೇಕು?

ನಮ್ಮ ಸೀಮೆಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದಾದಾಗಲೇ ಉಂಡೆ ಕೊಬ್ಬರಿ ಸಿದ್ಧ. ಅವಸರಪಟ್ಟು ಮೊದಲೇ ಒಡೆದರೆ ಉಂಡೆಯೂ ಇಲ್ಲ, ಬೆಲೆಯೂ ಇಲ್ಲ. ಯಾತ್ರೆಯೂ ಹಾಗೆಯೇ. ಈ ಹಬ್ಬದ ದಿನ ಮನೆಯವರೆಲ್ಲ ಕುಳಿತು ನಿರ್ಧರಿಸಿ, ಬರುವ ದಸರಾ ರಜೆಯಲ್ಲಿ ಹೊರಡಿರಿ. ನಡುವೆ ಒಂಬತ್ತು ತಿಂಗಳಿದೆ.

ದಸರೆಯ ಹೊತ್ತಿಗೆ ಗೋವೆಯ ಮಳೆ ಬಹುಮಟ್ಟಿಗೆ ಇಳಿದಿರುತ್ತದೆ, ಮಕ್ಕಳಿಗೂ ರಜೆ. ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯ ಸೆಕೆ ವೃದ್ಧರನ್ನು ಬಳಲಿಸುತ್ತದೆ. ಕ್ರಿಸ್ತಜಯಂತಿಯಿಂದ ಹೊಸವರ್ಷದವರೆಗೆ ಕೋಣೆಯ ಬಾಡಿಗೆ ನಮ್ಮ ಕೈಗೆಟುಕುವುದಿಲ್ಲ. ಸಂತ ಜೇವಿಯರರ ನೊವೇನ ನವೆಂಬರ್ 24ಕ್ಕೆ ಆರಂಭವಾಗಿ ಡಿಸೆಂಬರ್ 3ಕ್ಕೆ ಹಬ್ಬ. ಬೆಳಗಾವಿ, ಕಾರವಾರ ಕಡೆಯಿಂದ ಕಾಲ್ನಡಿಗೆಯಲ್ಲೇ ಭಕ್ತರು ಬರುತ್ತಾರೆ. ಆ ಜನಸಾಗರವನ್ನು ನೋಡುವುದು ಒಂದು ಭಾಗ್ಯವೇ, ಆದರೆ ಮಂಡಿ ನೋವಿನವರಿಗೂ ಕೈಗೂಸಿನವರಿಗೂ ಅದು ಬೇಡ.

ಹತ್ತು ವರ್ಷಕ್ಕೊಮ್ಮೆ ಸಂತರ ಶರೀರವನ್ನು ಕೆಳಗಿಳಿಸಿ ದರ್ಶನಕ್ಕಿಡುವ ಸಂಪ್ರದಾಯವನ್ನು ಹಲವರು ಕೇಳುತ್ತಾರೆ. ಕಳೆದ ಬಾರಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಮುಂದಿನದಕ್ಕೆ ಕಾಯುತ್ತಾ ಕೂರಬೇಡಿರಿ. ಮನೆಯ ಹಿರಿಯರು ಅಲ್ಲಿಯವರೆಗೆ ಇರುತ್ತಾರೆಂದು ಯಾರು ಹೇಳಬಲ್ಲರು?

ಖರ್ಚಿನ ಲೆಕ್ಕ

ಗೋಪುರ ಕಟ್ಟಹೊರಟವನು ಮೊದಲು ಕುಳಿತು ತನ್ನ ಬಳಿ ಇರುವ ಹಣವನ್ನು ಎಣಿಸಿ ನೋಡಬೇಕು ಎಂದು ಯೇಸುಸ್ವಾಮಿ ಒಂದು ಸಾಮತಿಯಲ್ಲಿ ಹೇಳಿದ್ದಾರೆ. ಇದು ಶಿಷ್ಯತ್ವದ ಬಗ್ಗೆ ಹೇಳಿದ್ದು. ಆದರೂ ಲೆಕ್ಕ ಹಾಕದವನ ಫಜೀತಿ ಸ್ವಾಮಿಗೆ ಚೆನ್ನಾಗಿ ತಿಳಿದಿತ್ತು.

ಒಂದು ಹಾಳೆಯಲ್ಲಿ ಆರು ಸಾಲು ಬರೆಯಿರಿ: ರೈಲು, ಗೋವೆಯೊಳಗಿನ ಬಸ್ಸು ಮತ್ತು ಆಟೋ, ಎರಡು ರಾತ್ರಿಯ ಕೋಣೆ, ಊಟ, ಕಾಣಿಕೆ, ಔಷಧಿ. ಪ್ರತಿಯೊಂದಕ್ಕೂ ವಿಚಾರಿಸಿ ಮೊತ್ತ ಹಾಕಿರಿ. ಒಟ್ಟು ಮೊತ್ತದ ನಾಲ್ಕನೆಯ ಒಂದು ಭಾಗವನ್ನು ಆಪತ್ತಿಗೆಂದು ಸೇರಿಸಿರಿ. ಕೊಬ್ಬರಿ ದರ ಏರಿದೆಯೆಂದು ಸಾಲ ಮಾಡಿ ಹೊರಡಬೇಡಿರಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ದರ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು ನಾವೆಲ್ಲ ಕಣ್ಣೀರಿಟ್ಟದ್ದೂ, 2025ರಲ್ಲಿ ಅದೇ ಬೆಂಬಲ ಬೆಲೆಯ ಎರಡು ಪಟ್ಟು ದಾಟಿದ್ದೂ ಎರಡೂ ನಿಜ. ಏರಿದ್ದು ಇಳಿಯುತ್ತದೆ. ಅಜ್ಜಿಯ ದಾರಿಯೇ ಒಳ್ಳೆಯದು: ಒಂದು ಮರವನ್ನು ಯಾತ್ರೆಗೆಂದು ಮೀಸಲಿಡಿರಿ.

ರೈಲಿನ ಬಗ್ಗೆ ಮೂರು ಮಾತು. ಹಿರಿಯ ನಾಗರಿಕರ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಹಳೆಯ ನೆನಪಿನಲ್ಲಿ ಲೆಕ್ಕ ಹಾಕಬೇಡಿರಿ. ಆದರೆ ಟಿಕೇಟು ಮಾಡಿಸುವಾಗ ವಯಸ್ಸು ಸರಿಯಾಗಿ ಬರೆಸಿದರೆ ಅರವತ್ತು ದಾಟಿದ ಗಂಡಸರಿಗೂ ನಲವತ್ತೈದು ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್ ಸಿಗುವ ಅವಕಾಶವಿದೆ. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ 2016ರಿಂದ ಪೂರ್ಣ ದರ. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 120 ದಿನಕ್ಕೆ ಬದಲಾಗಿ 60 ದಿನ. ಹೊರಡುವ ದಿನಕ್ಕೆ ಸರಿಯಾಗಿ ಎರಡು ತಿಂಗಳ ಮೊದಲು ಬೆಳಿಗ್ಗೆಯೇ ಕೌಂಟರಿನಲ್ಲಿರಿ. ರಜೆಯ ಸೀಟುಗಳು ಬೇಗ ಮುಗಿಯುತ್ತವೆ. ಮನೆಯ ಪ್ರತಿಯೊಬ್ಬರ ಗುರುತಿನ ಚೀಟಿ ಜೊತೆಗಿರಲಿ, ಕೋಣೆ ಕೊಡುವವರು ಕೇಳುತ್ತಾರೆ.

ಹೊರಡುವ ಬಗೆ

ಯಶವಂತಪುರದಿಂದ ವಾಸ್ಕೊ ದ ಗಾಮಕ್ಕೆ ಹೋಗುವ ರೈಲು ಸಂಜೆಯ ಹೊತ್ತಿಗೆ ಅರಸೀಕೆರೆಗೆ ಬರುತ್ತದೆ. ಹುಬ್ಬಳ್ಳಿ, ಲೋಂಡಾ ಹಾದು ಬೆಳಗಿನ ಜಾವ ಮಡಗಾಂವ್ ತಲುಪುತ್ತದೆ. ದೂಧಸಾಗರದ ಜಲಪಾತ ಈ ದಾರಿಯಲ್ಲೇ ಇದ್ದರೂ ಕತ್ತಲಲ್ಲಿ ದಾಟುತ್ತದೆ. ಮಕ್ಕಳಿಗೆ ಸುಳ್ಳು ಆಸೆ ಹುಟ್ಟಿಸಬೇಡಿರಿ. ಸಮಯವನ್ನು ಆಗಿನ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿರಿ.

ಮಂಗಳವಾರ ಸಂಜೆ ಹೊರಡುವುದು ಉತ್ತಮ. ಬುಧವಾರ, ಗುರುವಾರ, ಶುಕ್ರವಾರ ಗೋವೆಯಲ್ಲಿದ್ದು ಶುಕ್ರವಾರ ರಾತ್ರಿ ರೈಲು ಹತ್ತಿದರೆ ಶನಿವಾರ ಮನೆ. ಭಾನುವಾರದ ಬಲಿಪೂಜೆಗೆ ನಮ್ಮದೇ ದೇವಾಲಯ. ಹಳೆಯ ಗೋವೆಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಭಾನುವಾರ ಬೆಳಿಗ್ಗೆ ದೇವಾಲಯಗಳಲ್ಲಿ ಪೂಜೆ ಮತ್ತು ನೂಕುನುಗ್ಗಲು. ಎರಡನ್ನೂ ಹೀಗೆ ತಪ್ಪಿಸಬಹುದು.

ಮೊದಲ ದಿನ ಕಡಿಮೆ ನೋಡಿರಿ. ಮಡಗಾಂವ್‌ನಿಂದ ಪಣಜಿಗೆ ಬಸ್ಸಿದೆ. ಪಣಜಿಯಲ್ಲಿ ಕೋಣೆ ಹಿಡಿದು, ಸ್ನಾನ ಮಾಡಿ, ಹಿರಿಯರನ್ನು ಮಧ್ಯಾಹ್ನದವರೆಗೆ ಮಲಗಲು ಬಿಡಿರಿ. ಸಂಜೆ ಮೆಟ್ಟಿಲುಗಳ ಮೇಲೆ ಬೆಳ್ಳಗೆ ನಿಂತಿರುವ ನಿಷ್ಕಳಂಕ ಮಾತೆಯ ದೇವಾಲಯಕ್ಕೆ ಹೋಗಿರಿ. 1541ರಲ್ಲಿ ಒಂದು ಸಣ್ಣ ಪ್ರಾರ್ಥನಾಲಯವಾಗಿದ್ದು 1619ರಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಅದರ ಗಂಟೆಯನ್ನು ಕೇಳಿರಿ. ಆ ಗಂಟೆಯ ಕಥೆ ನಾಳೆಗೆ ಇರಲಿ. ಹತ್ತಿರದ ಫೊಂತೈನ್ಯಾಸ್ ಕೇರಿಯಲ್ಲಿ ಹಳದಿ, ನೀಲಿ, ಕೆಂಪು ಬಣ್ಣದ ಹಳೆಯ ಪೋರ್ತುಗೀಸ್ ಮನೆಗಳಿವೆ. ಅಲ್ಲಿ ಜನ ವಾಸವಾಗಿದ್ದಾರೆ; ಕಿಟಕಿಯೊಳಗೆ ಇಣುಕಿ ಫೋಟೊ ತೆಗೆಯುವುದು ನಮಗೆ ಶೋಭಿಸದು.

ಎರಡನೆಯ ದಿನ ಪೂರ್ತಿ ಹಳೆಯ ಗೋವೆಗೆ. ಪಣಜಿಯಿಂದ ಸುಮಾರು ಹತ್ತು ಕಿಲೋಮೀಟರ್. ಬಸ್ಸುಗಳು ಮೇಲಿಂದ ಮೇಲೆ ಇವೆ. ಬೆಳಿಗ್ಗೆ ಬೊಂ ಜೇಸುವಿನಲ್ಲಿ ಪೂಜೆಯೊಂದಿಗೆ ದಿನ ಆರಂಭವಾಗಲಿ. ಪೂಜೆ ಕೊಂಕಣಿಯಲ್ಲಿದ್ದರೂ ಬಲಿಪೀಠದ ಮೇಲಿರುವವನು ಅದೇ ಸ್ವಾಮಿ. ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. 1594ರಲ್ಲಿ ಅಡಿಪಾಯ ಹಾಕಿ 1605ರಲ್ಲಿ ಅಭಿಷೇಕವಾದ ಈ ದೇವಾಲಯಕ್ಕೆ ಗಾರೆಯಿಲ್ಲದೆ ಕೆಂಪು ಜಂಬಿಟ್ಟಿಗೆ ಕಲ್ಲು ಹಾಗೆಯೇ ಕಾಣುತ್ತದೆ. ಮೂಲದಲ್ಲಿ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಅದನ್ನು ಕೆತ್ತಿ ತೆಗೆದರು.

ಒಳಗೆ ಬಲಗಡೆ ಸಂತರ ಸಮಾಧಿ. ಅಮೃತಶಿಲೆಯ ಪೀಠವನ್ನು ಇಟಲಿಯ ಟಸ್ಕನಿಯ ಅರಸ ಮೂರನೆಯ ಕೊಸಿಮೊ ಕಳುಹಿಸಿದ್ದು, ಫೊಜ್ಜಿನಿ ಎಂಬ ಶಿಲ್ಪಿಯ ಕೆಲಸ, 1698ರಲ್ಲಿ ಸ್ಥಾಪನೆಯಾಯಿತು. ಅದರ ಮೇಲಿನ ಬೆಳ್ಳಿಯ ಪೆಟ್ಟಿಗೆಯನ್ನು 1636-37ರಲ್ಲಿ ಗೋವೆಯ ಅಕ್ಕಸಾಲಿಗರೇ ಮಾಡಿದರು. ಮಕ್ಕಳಿಗೆ ಇದನ್ನು ತೋರಿಸಿ ಹೇಳಿರಿ: ಕೆಳಗಿನದು ಯುರೋಪಿನ ಕೈ, ಮೇಲಿನದು ನಮ್ಮವರ ಕೈ. ಸಂತರು ಗೋವೆಯಲ್ಲಿ ಇಳಿದದ್ದು 1542ರ ಮೇ 6ರಂದು, ಹದಿಮೂರು ತಿಂಗಳ ಕಡಲ ಪ್ರಯಾಣದ ನಂತರ. ಆಸ್ಪತ್ರೆಯ ರೋಗಿಗಳ ನಡುವೆ ಉಳಿದು, ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಕೂಡಿಸಿ ಧರ್ಮೋಪದೇಶ ಮಾಡಿದರು. 1552ರ ಡಿಸೆಂಬರ್ 3ರಂದು ಚೀನಾದ ಬಾಗಿಲಲ್ಲಿ, ಒಂದು ದ್ವೀಪದ ಗುಡಿಸಲಲ್ಲಿ ಕಣ್ಣುಮುಚ್ಚಿದರು. ಶರೀರ ಗೋವೆಗೆ ಬಂದದ್ದು 1554ರಲ್ಲಿ. ಅಸಂಖ್ಯಾತ ಜನರಿಗೆ ದೀಕ್ಷಾಸ್ನಾನ ಕೊಟ್ಟ ಆ ಬಲಗೈಯ ಭಾಗವನ್ನು 1614ರಲ್ಲಿ ರೋಮಿಗೆ ಒಯ್ದರು. ಅದು ಅಲ್ಲಿಯ ಜೆಸು ದೇವಾಲಯದಲ್ಲಿದೆ. ರೋಮಿಗೆ ಹೋಗಲಾಗಲಿಲ್ಲವೆಂದು ಕೊರಗುವವರು ಗಮನಿಸಿರಿ: ಅಲ್ಲಿ ಕೈ, ನಮ್ಮಲ್ಲಿ ಶರೀರ.

ಇಲ್ಲಿ ಗಡಿಯಾರ ನೋಡಬೇಡಿರಿ. ಹಿರಿಯರಿಗೆ ಬೇಕಾದಷ್ಟು ಹೊತ್ತು ಮೊಣಕಾಲೂರಲಿ. ಆಮೇಲೆ ರಸ್ತೆ ದಾಟಿದರೆ ಪ್ರಧಾನಾಲಯ. 1562ರಲ್ಲಿ ಆರಂಭಿಸಿ 1619ರಲ್ಲಿ ಕಟ್ಟಡ ಮುಗಿಯಿತು. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು. ಉಳಿದದ್ದರಲ್ಲಿ ಚಿನ್ನದ ಗಂಟೆ ಎಂದು ಹೆಸರಾದ ದೊಡ್ಡ ಗಂಟೆಯಿದೆ. ಪಕ್ಕದಲ್ಲೇ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯ ಮತ್ತು ಅದರ ಮಠದಲ್ಲಿ ವಸ್ತುಸಂಗ್ರಹಾಲಯ. ನದಿಯ ಕಡೆ ವೈಸ್‌ರಾಯರ ಕಮಾನು. ಅದರ ಹತ್ತಿರ ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ನೆನಪಿಸುವ ಸಂತ ಕಜೆತಾನರ ದೇವಾಲಯ. ಅದರ ಅಂಗಳದಲ್ಲಿ ಆದಿಲಶಾಹಿ ಅರಮನೆಯ ಬಾಗಿಲವಾಡ ಒಂದೇ ಒಂದು ಉಳಿದು ನಿಂತಿದೆ.

ಊಟ ಮಾಡಿ, ನೆರಳಲ್ಲಿ ಒಂದು ಗಂಟೆ ಕುಳಿತು, ಬಿಸಿಲು ಇಳಿದ ಮೇಲೆ ಗುಡ್ಡದ ಮೇಲಿನ ಸಂತ ಅಗಸ್ಟೀನರ ಗೋಪುರಕ್ಕೆ ಹೋಗಿರಿ. 1602ರಲ್ಲಿ ಮುಗಿದ ಆ ಮಹಾದೇವಾಲಯವನ್ನು ಪೋರ್ತುಗೀಸ್ ಸರ್ಕಾರ ಮಠಗಳನ್ನು ಮುಚ್ಚಿಸಿದಾಗ, 1835ರಲ್ಲಿ, ಬಿಟ್ಟುಹೋಗಬೇಕಾಯಿತು. 1842ರಲ್ಲಿ ಕಮಾನು ಕುಸಿಯಿತು. 46 ಮೀಟರ್ ಎತ್ತರದ ಗೋಪುರದ ಅರ್ಧ ಮಾತ್ರ ಆಕಾಶಕ್ಕೆ ನಿಂತಿದೆ. ನೆನ್ನೆ ಪಣಜಿಯಲ್ಲಿ ಕೇಳಿದ ಗಂಟೆ ಈ ಗೋಪುರದ್ದೇ. 1871ರಲ್ಲಿ ಅಲ್ಲಿಗೆ ಹೋಯಿತು. ಕಲ್ಲು ಬಿತ್ತು, ಕರೆ ನಿಲ್ಲಲಿಲ್ಲ.

ಮೂರನೆಯ ದಿನ ಮಡಗಾಂವ್ ಹತ್ತಿರದ ಬೆನಾವ್ಲಿಗೆ. 1651ರಲ್ಲಿ ಅಲ್ಲಿ ಹುಟ್ಟಿ, ಅಲ್ಲಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದವರು ಸಂತ ಜೋಸೆಫ್ ವಾಜ್. 1681ರಿಂದ ಕೆಲವು ವರ್ಷ ನಮ್ಮ ಕೆನರಾ ಸೀಮೆಯಲ್ಲಿ ಬರಿಗಾಲಲ್ಲಿ ಸೇವೆ ಸಲ್ಲಿಸಿ, ಆಮೇಲೆ ಶ್ರೀಲಂಕೆಗೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ದೇವರ ಪಾದ ಸೇರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಬೆನಾವ್ಲಿಯಲ್ಲಿ ಸಮುದ್ರವೂ ಇದೆ! ಮಕ್ಕಳು ಸಂಜೆಯವರೆಗೆ ಅಲೆಯಲ್ಲಿ ಆಡಲಿ. ಯಾತ್ರೆಯೆಂದರೆ ಮಕ್ಕಳ ನಗು ಕಸಿಯಬೇಕೆಂದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿದ್ದರೆ ಸಾಕು. ಆದರೆ ನಮ್ಮ ಮಕ್ಕಳು ಕೆರೆ ಕಂಡವರು, ಕಡಲು ಕಂಡವರಲ್ಲ. ಒಬ್ಬ ದೊಡ್ಡವರು ನೀರಿನಲ್ಲೇ ಜೊತೆಗಿರಬೇಕು, ಮೊಣಕಾಲಿಗಿಂತ ಆಳಕ್ಕೆ ಬಿಡಬಾರದು.

ಮಕ್ಕಳು ಕೇಳಿದರೆ

ಪ್ರೌಢಶಾಲೆಯ ಮಕ್ಕಳು ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಇತ್ತಂತೆ ಎಂದು ಕೇಳಬಹುದು. ಮರೆಮಾಚಬೇಡಿರಿ. ಅದು 1560ರಲ್ಲಿ ಆರಂಭವಾಗಿ, ನಡುವೆ ಕೆಲಕಾಲ ನಿಂತು, 1812ರಲ್ಲಿ ಕೊನೆಗೊಂಡಿತು. ಹಿಂದೂಗಳೂ ಯೆಹೂದ್ಯ ಮೂಲದವರೂ ಹೊಸ ಕ್ರೈಸ್ತರೂ ಅದರಿಂದ ನೊಂದರು. ಅಂಥದ್ದು ಬೇಕೆಂದು ಪೋರ್ತುಗಲ್ಲಿನ ಅರಸನಿಗೆ 1546ರಲ್ಲಿ ಬರೆದವರಲ್ಲಿ ನಮ್ಮ ಸಂತರೂ ಒಬ್ಬರು. ಅದು ಸ್ಥಾಪನೆಯಾದದ್ದು ಅವರ ಮರಣದ ನಂತರ. ಸಂತರು ತಮ್ಮ ಕಾಲದ ಕುರುಡಿನಿಂದ ಪೂರ್ತಿ ಹೊರಗಿದ್ದವರಲ್ಲ. 2000ನೆಯ ಇಸವಿಯ ಮಾರ್ಚ್ 12ರಂದು ಸಂತ ಎರಡನೆಯ ಜಾನ್ ಪೌಲರು, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ನಾಲ್ಕು ಮನೆ ಕ್ರೈಸ್ತರು ನಲವತ್ತು ಮನೆ ನೆರೆಯವರ ನಡುವೆ ಪ್ರೀತಿಯಿಂದ ಬಾಳುತ್ತಿರುವ ನಮ್ಮ ಹಳ್ಳಿಗಳಲ್ಲಿ, ಈ ಸತ್ಯವನ್ನು ತಂದೆತಾಯಿಯ ಬಾಯಿಂದ ಕೇಳಿದ ಮಗು ವಿಶ್ವಾಸವನ್ನು ಕಳೆದುಕೊಳ್ಳುವುದಿಲ್ಲ, ವಿನಯವನ್ನು ಕಲಿಯುತ್ತದೆ.

ಹಿಂದಿರುಗುವಾಗ

ಕಳೆದ ದಸರೆಯಲ್ಲಿ ಮೂರು ಕುಟುಂಬಗಳೊಂದಿಗೆ ನಾವು ಇದೇ ಕ್ರಮದಲ್ಲಿ ಹೋಗಿ ಬಂದೆವು. ಹನ್ನೊಂದು ಜನ. ಅದರಲ್ಲಿ ಆ ಅಜ್ಜಿಯ ಮಗ, ಸೊಸೆ, ಮೊಮ್ಮಗಳೂ ಇದ್ದರು. ಹಳೆಯ ನೋಟುಗಳನ್ನು ಬದಲಾಯಿಸಿ ಇಟ್ಟಿದ್ದ ಗಂಟಿಗೆ ಆ ವರ್ಷದ ಮರದ ಹಣವನ್ನೂ ಸೇರಿಸಿಕೊಂಡು ಬಂದಿದ್ದರು. ಬೊಂ ಜೇಸುವಿನ ಬಾಗಿಲಲ್ಲಿ ನಾವು ಒಂದು ಕ್ಷಣ ನಿಂತೆವು. ಮೊಮ್ಮಗಳು, "ಅಜ್ಜಿ ಇಲ್ಲೀವರೆಗೆ ಬಂದಿದ್ದಳಂತೆ ಅಲ್ವಾ ಸ್ವಾಮಿ?" ಎಂದಳು. ಹೌದು ಎಂದೆವು. ಅವಳು ಮುಂದೆ ನಡೆದಳು. ಈ ಸಲ ನಾವು ಹಿಂದೆ ನಡೆದೆವು. ಕಾಣಿಕೆ ಹಾಕಿ ಅವಳು ಎದ್ದು ಬರುವವರೆಗೂ ಯಾರೂ ಕರೆಯಲಿಲ್ಲ.

ಅಂದು ರಾತ್ರಿ ಮಡಗಾಂವ್ ನಿಲ್ದಾಣದಲ್ಲಿ ರೈಲು ಹತ್ತುವ ಮೊದಲು ತಲೆ ಎಣಿಸಿದೆವು. ಹತ್ತಿದ ಮೇಲೆ ಮತ್ತೊಮ್ಮೆ ಎಣಿಸಿದೆವು. ಹನ್ನೊಂದೇ. ನೀವೂ ಪ್ರತಿ ಬಸ್ಸು, ಪ್ರತಿ ಬಾಗಿಲು ದಾಟಿದ ಮೇಲೆ ಎಣಿಸಿರಿ. ಜೋಸೆಫರಂಥ ನೀತಿವಂತರಿಗೇ ತಪ್ಪಿದ ಲೆಕ್ಕ ನಮಗೂ ತಪ್ಪಬಹುದು.

ಪ್ರಿಯರೇ, ಈ ಹಬ್ಬದ ದಿನ ಊಟವಾದ ಮೇಲೆ ಮನೆಯ ಅತ್ಯಂತ ಹಿರಿಯರನ್ನು ನಡುವೆ ಕೂರಿಸಿ ಒಂದು ಪ್ರಶ್ನೆ ಕೇಳಿರಿ: "ನಿಮಗೆ ಯಾವುದನ್ನು ನೋಡಬೇಕೆಂದು ಆಸೆಯಿದೆ?" ಉತ್ತರ ಗೋವೆ ಆಗದಿರಬಹುದು, ತವರೂರಿನ ಹಳೆಯ ಚರ್ಚು, ತಂಗಿಯ ಮನೆ, ತಾಯಿಯ ಸಮಾಧಿಯೂ ಆಗಬಹುದು. ಅವರು ಹೇಳಿದ್ದನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿರಿ. ಉಳಿದ ಲೆಕ್ಕ ಅದರ ಕೆಳಗೆ ಬರಲಿ.

ನಜರೇತಿನ ಪವಿತ್ರ ಕುಟುಂಬದೊಂದಿಗೆ ದಾರಿ ನಡೆದ ದೇವರು ನಿಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ. ಯಾರೂ ಹಿಂದೆ ಉಳಿಯದಿರಲಿ. ಆಮೆನ್.